ರಾಜಿಗೆ ಸಹಿ ಹಾಕುವ ಮುನ್ನ ಒಂದು ಲೆಕ್ಕ

ಅಪಘಾತದ ಪರಿಹಾರದ ಮೊದಲ ಚೌಕಾಸಿ ಕೋರ್ಟು ಮೆಟ್ಟಿಲು ಹತ್ತುವ ಬಹಳ ಮೊದಲೇ, ಆಸ್ಪತ್ರೆ ವಾರ್ಡಿನಲ್ಲೋ ಠಾಣೆ ಎದುರಿನ ಟೀ ಅಂಗಡಿಯಲ್ಲೋ ಶುರುವಾಗುತ್ತದೆ. ಕುಣಿಗಲ್ ಬೈಪಾಸಿನ ಹತ್ತಿರ ಗೂಡ್ಸ್ ಟೆಂಪೊವೊಂದು ನನ್ನ ಕಾರಿಗೆ ಗುದ್ದಿ ಎಡಗೈ ಮಣಿಕಟ್ಟು ಮುರಿದಾಗ ಟೆಂಪೊ ಮಾಲೀಕರು ಮರುದಿನವೇ ಬಂದರು. ಕೈಯಲ್ಲಿ ಹಣ್ಣಿನ ಚೀಲ. "ಕೇಸು ಗೀಸು ಯಾಕೆ ಸಾರ್, ನಲವತ್ತು ಸಾವಿರ ಕೊಡ್ತೀನಿ, ಇಲ್ಲೇ ಮುಗಿಸ್ಕೊಳ್ಳೋಣ" ಅಂದರು. ಕೆಟ್ಟ ಮನುಷ್ಯರೇನಲ್ಲ. ಗಾಡಿ ಠಾಣೆಯಲ್ಲಿ ನಿಂತರೆ ದಿನದ ಬಾಡಿಗೆ ಹೋಗುತ್ತದೆ ಎಂಬ ಚಿಂತೆ ಅವರದು.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ?" ಇತ್ತು. ಹಾಗಿದ್ದ ಮೇಲೆ ಅವರು ಜೇಬಿನಿಂದ ಕೊಡುವ ಅಗತ್ಯವೇ ಇರಲಿಲ್ಲ. ಥರ್ಡ್ ಪಾರ್ಟಿ ಪ್ರೀಮಿಯಂ ಕಟ್ಟುವುದೇ ಇದಕ್ಕೆ. ಠಾಣೆಯಲ್ಲಿ ರಾಜಿಯಾಗಿ ಎಫ್‌ಐಆರ್ ಆಗದೇ ಹೋದರೆ ಮುಂದೆ ಕಂಪನಿಯ ಮುಂದೆ ನಿಲ್ಲಲು ನಮ್ಮ ಕೈಯಲ್ಲಿ ಗಟ್ಟಿ ದಾಖಲೆಯೇ ಉಳಿಯುವುದಿಲ್ಲ. ಎಫ್‌ಐಆರ್, ಮಹಜರು, ವೂಂಡ್ ಸರ್ಟಿಫಿಕೇಟ್ ಈ ಮೂರೂ ಆಗುವಂತೆ ನೋಡಿಕೊಂಡೆ.

ಕಾರಿನ ರಿಪೇರಿ ಬೇರೆಯೇ ವಿಷಯ. ಅದನ್ನು ನನ್ನ ಪಾಲಿಸಿಯಲ್ಲೇ ಮಾಡಿಸಿದೆ. ಪ್ಲಾಸ್ಟಿಕ್ ಬಂಪರಿಗೆ ಶೇ 50 ಸವಕಳಿ ಕಳೆದರು, ನೋ ಕ್ಲೇಮ್ ಬೋನಸ್ ಹೋಯಿತು. ಸಣ್ಣಪುಟ್ಟ ಗೀರಿಗೆ ಕ್ಲೇಮ್ ಹಾಕುವವರು ಆ ಬೋನಸ್ಸು ಎಷ್ಟಿದೆ ಎಂದು ಮೊದಲು ನೋಡಿಕೊಳ್ಳಬೇಕು.

ಮೈಗೆ ಆದ ಪೆಟ್ಟಿನ ಪರಿಹಾರ ಬರುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ. ಎಲ್ಲರೂ ಎಂವಿಸಿ ಕೇಸು ಅನ್ನುವುದು ಇದನ್ನೇ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಮಾಹಿತಿ ಸಿಕ್ಕ 30 ದಿನದೊಳಗೆ ವಿಮಾ ಕಂಪನಿಯ ಅಧಿಕಾರಿ ತಾನಾಗಿಯೇ ಒಂದು ಮೊತ್ತ ಹೇಳಬೇಕು. ನೀವು ಒಪ್ಪಿದರೆ ನ್ಯಾಯಮಂಡಳಿ ಅದನ್ನು ದಾಖಲಿಸಿಕೊಳ್ಳುತ್ತದೆ, ಒಪ್ಪದಿದ್ದರೆ ವಿಚಾರಣೆ ನಡೆಸುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ 30 ದಿನಕ್ಕೆ ಮುರಿದ ಮೂಳೆಯೇ ಸರಿಯಾಗಿ ಕೂಡಿರುವುದಿಲ್ಲ. ಬೆರಳು ಎಷ್ಟು ಮಡಚುತ್ತದೆ, ಪ್ಲೇಟು ತೆಗೆಸಬೇಕೇ ಎಂಬುದು ವೈದ್ಯರಿಗೇ ಗೊತ್ತಿರದ ಹೊತ್ತಿನಲ್ಲಿ ಹೇಳಿದ ಮೊತ್ತ ಆಸ್ಪತ್ರೆ ಬಿಲ್ಲಿಗೆ ಅಷ್ಟೋ ಇಷ್ಟೋ ಸೇರಿಸಿದ್ದಾಗಿರುತ್ತದೆ.

ಬಿಲ್ಲಿನ ಜೊತೆ ಹೋಲಿಸಿ "ಪರವಾಗಿಲ್ಲ, ಮೇಲೆ ಸ್ವಲ್ಪ ಬಂತು" ಎಂದು ಸಹಿ ಹಾಕುವವರೇ ಹೆಚ್ಚು. ಫಿಸಿಯೋಥೆರಪಿ ಕೋಣೆಯಲ್ಲಿ ಪರಿಚಯವಾದ ದರ್ಜಿಯೊಬ್ಬರು ಹಾಗೇ ಹೊರಟಿದ್ದರು. ಅವರಿಗೂ ಮಣಿಕಟ್ಟೇ, ಆದರೆ ಬಲಗೈ. ಕಂಪನಿ ಹೇಳಿದ್ದು 90,000 ರೂಪಾಯಿ. ಅವರ ವಯಸ್ಸು 38, ದುಡಿಮೆ ತಿಂಗಳಿಗೆ 20,000. ವೈದ್ಯರು ಕೈಗೆ ಶೇ 30ರಷ್ಟು ಡಿಸೆಬಿಲಿಟಿ ಬರೆದಿದ್ದರು. ನಮ್ಮ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ಲೆಕ್ಕಕ್ಕೆ ಹಿಡಿಯುತ್ತವೆ, ಅಂದರೆ ಶೇ 10. ಸರಳಾ ವರ್ಮಾ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಪಟ್ಟಿಯಲ್ಲಿ 36ರಿಂದ 40ರ ವಯಸ್ಸಿಗೆ ಗುಣಕ 15. ಇಪ್ಪತ್ತು ಸಾವಿರವನ್ನು ಹನ್ನೆರಡರಿಂದ, ಆಮೇಲೆ ಹದಿನೈದರಿಂದ ಗುಣಿಸಿ, ಅದರಲ್ಲಿ ಶೇ 10 ತೆಗೆದರೆ 3,60,000. ಇದು ಮುಂದಿನ ದುಡಿಮೆಯ ನಷ್ಟ ಮಾತ್ರ. ಬಿಲ್ಲು, ನೋವು, ರಜೆಯಲ್ಲಿ ಕಳೆದ ಸಂಪಾದನೆ, ಜೊತೆಗಿದ್ದವರ ಊಟ, ಓಡಾಟ ಎಲ್ಲ ಬೇರೆ.

ಇಲ್ಲಿಗೂ ಮುಗಿಯುವುದಿಲ್ಲ. ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಎಡಗೈ ಕಳೆದುಕೊಂಡ ಡ್ರೈವರ್ ಅಥವಾ ಬಡಗಿಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ, ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತನಿಗೆ ಹಾಗಲ್ಲ. ಕತ್ತರಿ ಹಿಡಿಯಲಾಗದ ದರ್ಜಿಗೆ ಶೇ 10 ಕಡಿಮೆಯೇ. ಶೇ 20 ಎಂದು ನ್ಯಾಯಮಂಡಳಿ ಒಪ್ಪಿದರೆ ಮೊತ್ತ 7,20,000. ಅವರು 90,000 ಬೇಡವೆಂದರು. ಕೇಸು ಇನ್ನೂ ನಡೆಯುತ್ತಿದೆ.

ನನ್ನದು ಅಷ್ಟು ದೊಡ್ಡದಲ್ಲ. ಕೂತು ಲೆಕ್ಕ ಬರೆಯುವವನಿಗೆ ಎಡಗೈ ಮಣಿಕಟ್ಟು ಸ್ವಲ್ಪ ಬಿಗಿಯಾದರೆ ಸಂಪಾದನೆಗೇನೂ ಕೊರತೆಯಿಲ್ಲ, ಹಾಗಾಗಿ ಗುಣಕದ ಮಾತೇ ಎತ್ತಲಿಲ್ಲ. ಮೆಡಿಕ್ಲೇಮಿನಲ್ಲಿ ಬಂದದ್ದನ್ನೂ ಬಿಟ್ಟೆ. ಕೈಯಿಂದ ಹಾಕಿದ್ದು 45,000, ಮಲಗಿದ್ದಾಗ ತಪ್ಪಿದ ಸಂಪಾದನೆ 90,000, ಪ್ಲೇಟು ತೆಗೆಸುವ ಆಪರೇಷನ್ನಿಗೆ 50,000, ನೋವಿಗೆ 50,000, ಬದುಕಿನ ಅನನುಕೂಲಕ್ಕೆ 40,000, ಓಡಾಟ-ಊಟಕ್ಕೆ 25,000. ಒಟ್ಟು ಮೂರು ಲಕ್ಷ. ಲೋಕ ಅದಾಲತ್ತಿನಲ್ಲಿ ಕಂಪನಿ ಕಡೆಯ ವಕೀಲರು 1,75,000 ಅಂದರು. ಅವರ ಹಾಳೆ ನೋಡಿದರೆ, ಆದಾಯದ ದಾಖಲೆ ಇಲ್ಲದವರಿಗೆ ಹಿಡಿಯುವ ಊಹೆಯ ಆದಾಯವನ್ನೇ ನನಗೂ ಹಿಡಿದಿದ್ದರು, ಮುಂದಿನ ಆಪರೇಷನ್ನು ಲೆಕ್ಕದಲ್ಲೇ ಇರಲಿಲ್ಲ. ಐಟಿ ರಿಟರ್ನ್ ಪ್ರತಿ ಮತ್ತು ವೈದ್ಯರ ಅಂದಾಜು ಪತ್ರ ಮುಂದಿಟ್ಟ ಮೇಲೆ 2,60,000ಕ್ಕೆ ಬಂದರು. ಒಪ್ಪಿದೆ.

ಮೂರು ಲಕ್ಷದಲ್ಲಿ ನಲವತ್ತು ಸಾವಿರ ಯಾಕೆ ಬಿಟ್ಟೆ ಎಂದು ಮಗಳು ಕೇಳಿದಳು. ತೀರ್ಪಿಗೆ ಕಾದರೆ ಅರ್ಜಿ ಹಾಕಿದ ದಿನದಿಂದ ಬಡ್ಡಿ ಸಿಗುತ್ತದೆ ನಿಜ, ಸಾಮಾನ್ಯವಾಗಿ ಶೇ 6ರಿಂದ 9, ಅದೂ ಸರಳ ಬಡ್ಡಿ. ಆದರೆ ನನ್ನದೂ ಶೇ 20ರಷ್ಟು ತಪ್ಪಿದೆ ಎಂದು ತೀರ್ಮಾನವಾದರೆ ಮೂರು ಲಕ್ಷ 2,40,000 ಆಗುತ್ತದೆ. ಕಂಪನಿ ಹೈಕೋರ್ಟಿಗೆ ಹೋದರೆ ಇನ್ನಷ್ಟು ವರ್ಷ. ಸಣ್ಣ ಕೇಸಿಗೆ ಕಾಯುವುದು ದುಬಾರಿ, ದರ್ಜಿಯಂಥವರ ಕೇಸಿಗೆ ಅವಸರವೇ ದುಬಾರಿ. ಅದಾಲತ್ತಿನ ರಾಜಿಗೆ ಮೇಲ್ಮನವಿ ಇಲ್ಲ ಎಂಬುದನ್ನೂ ನೆನಪಿಡಿ.

ಇನ್ನೊಂದು ಮಾತು. ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ನನಗೆ ಎಂದು ಆಸ್ಪತ್ರೆಯಲ್ಲೇ ವಕಾಲತ್ತಿಗೆ ಸಹಿ ಮಾಡಿಸಿಕೊಳ್ಳುವವರಿದ್ದಾರೆ. ವಕೀಲರು ಪಾಲಿನ ಲೆಕ್ಕದಲ್ಲಿ ಫೀಸು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ಫೀಸು ಎಷ್ಟೆಂದು ಮೊದಲೇ ಬರೆಸಿಕೊಳ್ಳಿ.

ಅರ್ಜಿ ಹಾಕಲು ಕಾನೂನು ಈಗ ಇಟ್ಟಿರುವ ಗಡುವು ಅಪಘಾತವಾದ ದಿನದಿಂದ ಆರು ತಿಂಗಳು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೆ ಆ ನಂಬಿಕೆಯ ಮೇಲೆ ಕೂರಬೇಡಿ. ರಾಜಿಯ ಮಾತು ನಡೆಯುತ್ತಲೇ ಇರಲಿ, ಅರ್ಜಿ ಮಾತ್ರ ಗಡುವಿನೊಳಗೆ ಹಾಕಿಬಿಡಿ.