ಗೇರ್ ಅಂಕಿ ಸುಳ್ಳು ಹೇಳಬಾರದು

ವಾರದ ದಿನಗಳಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ. ರೇಸ್ ಇದ್ದ ಶನಿವಾರ, ಭಾನುವಾರ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ಇಲ್ಲವೇ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್. ಅಲ್ಲಿ ನನ್ನ ಪಾಲಿಗೆ ಬರುವುದು ಸೀಕ್ವೆನ್ಷಿಯಲ್ ಗೇರ್‌ಬಾಕ್ಸ್‌ಗಳ ಗೇರ್ ಇಂಡಿಕೇಟರ್, ಇಗ್ನಿಷನ್ ಕಟ್, ಪ್ಯಾಡಲ್ ಶಿಫ್ಟ್. ಫಾರ್ಮುಲಾ ಭಾರತ್ ಸ್ಪರ್ಧೆಗೆ ಕಾರು ಕಟ್ಟುವ ಇಂಜಿನಿಯರಿಂಗ್ ಹುಡುಗರು, ಹುಡುಗಿಯರು ಬಂದು ಮೊದಲು ಕೇಳುವುದು ಒಂದೇ: "ಸರ್, ಪ್ಯಾಡಲ್ ಶಿಫ್ಟ್ ಹಾಕೋದು ಹೇಗೆ?" ಪ್ಯಾಡಲ್ ಕೊನೆಗೆ ಬರುವ ಮಾತು. ಅದಕ್ಕೂ ಮೊದಲು ಅವರಿಗೆ ಹೇಳುತ್ತ ಬಂದಿರುವುದು ಇಷ್ಟು.

1. ವೈರ್ ಮುಟ್ಟುವ ಮೊದಲು ಗೇರ್‌ಬಾಕ್ಸ್ ಒಳಗೆ ನೋಡಿ

ಸೀಕ್ವೆನ್ಷಿಯಲ್ ಗೇರ್‌ಬಾಕ್ಸ್‌ನಲ್ಲಿ ಗೇರ್ ಆರಿಸುವುದು ಬ್ಯಾರೆಲ್ ಎಂಬ ಒಂದು ಉರುಳೆ. ಬೈಕ್ ಮೆಕ್ಯಾನಿಕ್‌ಗಳು ಅದನ್ನೇ ಡ್ರಮ್ ಅನ್ನುತ್ತಾರೆ. ಅದರ ಮೈಮೇಲೆ ಅಂಕುಡೊಂಕಾದ ಗ್ರೂವ್‌ಗಳು, ಆ ಗ್ರೂವ್‌ಗಳಲ್ಲಿ ಕೂತ ಫೋರ್ಕ್‌ಗಳು. ಲಿವರ್ ಎಳೆದರೆ ಬ್ಯಾರೆಲ್ ಒಂದು ಹೆಜ್ಜೆ ತಿರುಗುತ್ತದೆ, ಫೋರ್ಕ್ ಪಕ್ಕಕ್ಕೆ ಸರಿಯುತ್ತದೆ, ಅದು ಹಿಡಿದಿರುವ, ಪಕ್ಕದಲ್ಲಿ ಹಲ್ಲುಗಳಿರುವ ಡಾಗ್ ರಿಂಗ್ ಒಂದು ಗೇರ್ ಬಿಟ್ಟು ಇನ್ನೊಂದಕ್ಕೆ ಹೋಗಿ ಕೂರುತ್ತದೆ. ಎರಡೂ ಕೈಗಳ ಬೆರಳು ಹೆಣೆದು, ಬಿಗಿಯಾಗಿ ತಿರುಚಿ ಹಿಡಿದು, ಹಾಗೇ ಕೈ ಬಿಡಿಸಲು ನೋಡಿ. ಬರುವುದಿಲ್ಲ. ತಿರುಚುವುದನ್ನು ಒಂದು ಕ್ಷಣ ಸಡಿಲಿಸಿದರೆ ತಾನಾಗಿ ಜಾರಿ ಬರುತ್ತದೆ. ಡಾಗ್ ಹಲ್ಲುಗಳ ಕತೆಯೂ ಅದೇ. ರೇಸಿಂಗ್ ಡಾಗ್‌ಗಳ ಪಕ್ಕವನ್ನು ಒಳಮುಖವಾಗಿ ಸ್ವಲ್ಪ ಓರೆ ಕತ್ತರಿಸಿರುತ್ತಾರೆ, ಹಾಗಾಗಿ ಟಾರ್ಕ್ ಇರುವವರೆಗೂ ಹಿಡಿತ ಬಿಗಿಯುತ್ತಲೇ ಇರುತ್ತದೆ.

ಎಂಜಿನ್ ಬಲವನ್ನು ಕೆಲವು ಮಿಲಿಸೆಕೆಂಡ್ ತಡೆದು ಆ ಸಡಿಲು ಒದಗಿಸುವುದೇ ಎಲೆಕ್ಟ್ರಾನಿಕ್ಸ್‌ನ ಕೆಲಸ. ಗೇರ್ ಬದಲಾಯಿಸುವುದು ಡಾಗ್.

ಕ್ರಮವನ್ನೂ ನೋಡಿಕೊಳ್ಳಿ. ಬೈಕ್ ಎಂಜಿನ್‌ನಲ್ಲಿ ಒಂದು, ನ್ಯೂಟ್ರಲ್, ಎರಡು, ಮೂರು ಹೀಗೆ. ನ್ಯೂಟ್ರಲ್ ಒಂದಕ್ಕೂ ಎರಡಕ್ಕೂ ನಡುವೆ ಅರ್ಧ ಹೆಜ್ಜೆಯಲ್ಲಿದೆ. ಕಾರಿನ ಗೇರ್‌ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ರಿವರ್ಸ್, ನ್ಯೂಟ್ರಲ್, ಒಂದು, ಎರಡು. ಈ ವಿದ್ಯಾರ್ಥಿ ಸ್ಪರ್ಧೆಗಳ ಫಾರ್ಮುಲಾ ಸ್ಟೂಡೆಂಟ್ ನಿಯಮ 710 ಸಿಸಿ ಮಿತಿ ಹಾಕಿರುವುದರಿಂದ ವಿದ್ಯಾರ್ಥಿಗಳ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲು ಬೈಕ್ ಎಂಜಿನ್, ಅದರದೇ ಗೇರ್‌ಬಾಕ್ಸ್. ನಮ್ಮಲ್ಲಿ ಓಡಿದ ಫಾರ್ಮುಲಾ ಬಿಎಂಡಬ್ಲ್ಯು ಎಫ್‌ಬಿ02 ಕಾರಿಗೆ ಬೈಕ್ ಎಂಜಿನ್ ಇದ್ದರೂ ಗೇರ್‌ಬಾಕ್ಸ್ ಹ್ಯೂಲ್ಯಾಂಡ್ ಕಂಪನಿಯದು. ಒಂದಕ್ಕೆ ಬರೆದ ಪ್ರೋಗ್ರಾಮ್ ಇನ್ನೊಂದಕ್ಕೆ ನಡೆಯುವುದಿಲ್ಲ.

2. ವೇಗ ಮತ್ತು ಆರ್‌ಪಿಎಂ ಭಾಗಿಸಿ ಗೇರ್ ಹೇಳುವ ಲೆಕ್ಕವನ್ನು ಶಿಫ್ಟ್‌ಗೆ ಬಳಸಬೇಡಿ

ಸೆನ್ಸರ್ ಖರ್ಚು ಉಳಿಯುತ್ತದೆಂದು ತುಂಬ ಜನ ಮೊದಲು ಹಿಡಿಯುವ ದಾರಿ ಇದು. ರಸ್ತೆ ಬೈಕಿಗೆ ಸಾಕು. ರೇಸಿನಲ್ಲಿ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಕ್ಲಚ್ ಒತ್ತಿದರೆ ಲೆಕ್ಕವಿಲ್ಲ, ಕಾರು ನಿಂತಿದ್ದರೆ ಲೆಕ್ಕವಿಲ್ಲ, ನ್ಯೂಟ್ರಲ್ ಗೊತ್ತಾಗುವುದೇ ಇಲ್ಲ. ವೇಗವನ್ನು ಮುಂದಿನ ಚಕ್ರದಲ್ಲಿ ಅಳೆದರೆ ಹಿಂದಿನ ಚಕ್ರ ಜಾರಿದ್ದೆಲ್ಲ ತಪ್ಪಾಗಿ ಸೇರಿಕೊಳ್ಳುತ್ತದೆ. ಹಿಂದಿನ ಒಂದೇ ಚಕ್ರದಲ್ಲಿ ಅಳೆದರೆ ತಿರುವಿನಲ್ಲಿ ಡಿಫರೆನ್ಷಿಯಲ್ ಒಳಚಕ್ರಕ್ಕೂ ಹೊರಚಕ್ರಕ್ಕೂ ಬೇರೆ ಬೇರೆ ವೇಗ ಕೊಡುತ್ತದೆ. ಮೇಲಿನ ಗೇರ್‌ಗಳ ಅನುಪಾತ ತೀರ ಹತ್ತಿರ ಹತ್ತಿರ ಇರುವ ರೇಸಿಂಗ್ ಬಾಕ್ಸ್‌ನಲ್ಲಿ ಆರನ್ನು ಐದು ಎಂದು ತೋರಿಸಲು ಅಷ್ಟು ಜಾರಿಕೆಯೇ ಸಾಕು. ಈ ಲೆಕ್ಕವನ್ನು ಡೇಟಾ ಲಾಗ್‌ನಲ್ಲಿ ಇಟ್ಟುಕೊಳ್ಳಿ, ಸೆನ್ಸರ್ ಸರಿಯಿದೆಯೇ ಎಂದು ತಾಳೆ ನೋಡಲು ಒಳ್ಳೆಯದು.

3. ಬ್ಯಾರೆಲ್ ಸೆನ್ಸರ್ ಕೂರಿಸುವುದಕ್ಕೆ ಒಂದು ಇಡೀ ದಿನ ಕೊಡಿ

ಬ್ಯಾರೆಲ್ ತುದಿಗೆ ಕೋನ ಅಳೆಯುವ ಸೆನ್ಸರ್ ಹಾಕಿದರೆ ಗೇರ್ ಯಾವುದೆಂದು ನೇರವಾಗಿ ತಿಳಿಯುತ್ತದೆ. ಉಜ್ಜುತ್ತ ತಿರುಗುವ ಪೊಟೆನ್ಷಿಯೋಮೀಟರ್ ಅಗ್ಗ, ಆದರೆ ರಿವರ್ಸ್, ನ್ಯೂಟ್ರಲ್, ಆರು ಗೇರ್ ಸೇರಿ ಅದೇ ಎಂಟು ಕಡೆ ಸದಾ ನಿಂತು ನಡುಗುವುದರಿಂದ ಅಲ್ಲಲ್ಲೇ ಸವೆಯುತ್ತದೆ. ಆಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್‌ನಲ್ಲಿ ಉಜ್ಜುವ ಭಾಗವೇ ಇಲ್ಲ. ಹಣ ಇದ್ದರೆ ಹಾಲ್ ಹಾಕಿ.

ಪೊಟೆನ್ಷಿಯೋಮೀಟರ್ ಆದರೆ, ಒಂದು ಸುತ್ತಿನಲ್ಲಿ ಸಿಗ್ನಲ್ ಇಲ್ಲದ ಒಂದು ತುಂಡು ಇರುತ್ತದೆ. ರಿವರ್ಸ್‌ನಿಂದ ಆರರವರೆಗೆ ತಿರುಗುವಾಗ ಆ ತುಂಡು ದಾರಿಯಲ್ಲಿ ಬರದ ಹಾಗೆ ಕೂರಿಸಬೇಕು. ಸೆನ್ಸರ್‌ಗೂ ಬ್ಯಾರೆಲ್‌ಗೂ ನಡುವಿನ ಜೋಡಣೆಯಲ್ಲಿ ಕೂದಲೆಳೆಯಷ್ಟೂ ಲೂಸ್ ಇರಬಾರದು.

ಇನ್ನು ವೋಲ್ಟೇಜ್. 5 ವೋಲ್ಟ್ ಸೆನ್ಸರ್‌ನಲ್ಲಿ 0.5ರಿಂದ 4.5ರವರೆಗೆ ಬಳಸಿದರೆ, ರಿವರ್ಸ್, ನ್ಯೂಟ್ರಲ್ ಸೇರಿ ಎಂಟು ಸ್ಥಾನಗಳಿಗೆ ಏಳು ಅಂತರ. ಒಂದೊಂದಕ್ಕೆ ಹೆಚ್ಚೆಂದರೆ 0.57 ವೋಲ್ಟ್. ಒಂದು ಗೇರ್‌ನಿಂದ ಪಕ್ಕದ ಗೇರ್‌ನ ಗಡಿಗೆ ಇರುವುದು ಅದರ ಅರ್ಧ, 0.29. ಈಗ ಸೆನ್ಸರ್‌ಗೆ ಹೋಗುವ 5 ವೋಲ್ಟ್ 4.8ಕ್ಕೆ ಇಳಿಯಿತು ಅಂದುಕೊಳ್ಳಿ. 4.0 ಇರಬೇಕಾದದ್ದು 3.84 ಆಗುತ್ತದೆ; ಇದ್ದ ಅವಕಾಶದ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಆದ್ದರಿಂದ ಸೆನ್ಸರ್‌ನ 5 ವೋಲ್ಟ್ ಮತ್ತು ಗ್ರೌಂಡ್ ಎರಡೂ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಈಸಿಯುನಿಂದಲೇ ಬರಬೇಕು. ಹತ್ತಿರ ಸಿಕ್ಕಿತೆಂದು ಚಾಸಿಸ್ ಬೋಲ್ಟ್‌ಗೆ ಗ್ರೌಂಡ್ ಕಟ್ಟಿದ ಕಾರುಗಳಲ್ಲಿ ಸ್ಟಾರ್ಟರ್ ತಿರುಗುವಾಗ, ಫ್ಯಾನ್ ಓಡುವಾಗ ಗೇರ್ ಅಂಕಿ ಕುಣಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಪ್ರತಿ ಗೇರ್‌ನ ವೋಲ್ಟೇಜ್ ಬರೆದುಕೊಳ್ಳುವಾಗ ಕಾರನ್ನು ಸ್ಟ್ಯಾಂಡ್ ಮೇಲಿಟ್ಟು, ಒಬ್ಬರು ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತಿರಬೇಕು. ನಿಂತ ಗೇರ್‌ಬಾಕ್ಸ್‌ನಲ್ಲಿ ಡಾಗ್ ಬಹಳ ಸಲ ಪೂರ್ತಿ ಕೂರುವುದಿಲ್ಲ. ಏರುತ್ತ ಒಮ್ಮೆ, ಇಳಿಯುತ್ತ ಒಮ್ಮೆ ಬರೆಯಿರಿ. ಆಯಿಲ್ ಬಿಸಿಯಾದ ಮೇಲೆ ಇನ್ನೊಮ್ಮೆ.

4. ಎರಡು ಗೇರ್‌ಗಳ ನಡುವೆ ಇದ್ದರೆ ಅಡ್ಡಗೆರೆ ತೋರಿಸಿ

ಬ್ಯಾರೆಲ್ ಯಾವ ಗೇರ್‌ನ ವೋಲ್ಟೇಜ್ ಕಿಂಡಿಯಲ್ಲೂ ಇಲ್ಲದಿದ್ದಾಗ ಹಳೆಯ ಅಂಕಿಯನ್ನೇ ಹಿಡಿದಿಡುವ ಡಿಸ್‌ಪ್ಲೇಗಳಿವೆ. ನೋಡಲು ಚೆಂದ, ಅಂಕಿ ಮಿನುಗುವುದಿಲ್ಲ. ಆದರೆ ಗೇರ್ ಅರ್ಧ ಬಿದ್ದು ನಿಂತಾಗ ಡ್ರೈವರ್‌ಗೆ ಆ ಸುದ್ದಿ ತಲುಪುವುದೇ ಇಲ್ಲ. ಅಡ್ಡಗೆರೆ ಕಂಡರೆ ಅವನು ಇನ್ನೊಮ್ಮೆ ಲಿವರ್ ಎಳೆಯುತ್ತಾನೆ.

5. ಇಗ್ನಿಷನ್ ಕಟ್ ಎಷ್ಟು ಹೊತ್ತು ಎಂಬುದನ್ನು ಬ್ಯಾರೆಲ್ ಹೇಳಲಿ

ಸರಳ ವ್ಯವಸ್ಥೆಗಳಲ್ಲಿ ಕಟ್‌ಗೆ ಒಂದು ನಿಗದಿತ ಅವಧಿ ಇರುತ್ತದೆ, 60 ಮಿಲಿಸೆಕೆಂಡ್ ಅನ್ನಿ. ಲಿವರ್ ಎಳೆದ ತಕ್ಷಣ ಸ್ಪಾರ್ಕ್ ನಿಂತು, 60 ಆದ ಮೇಲೆ ಮರಳಿ ಬರುತ್ತದೆ, ಗೇರ್ ಬಿದ್ದಿರಲಿ ಬಿಡಲಿ. ಬಹಳ ಸಲ ಡಾಗ್ 40ರಲ್ಲೇ ಕೂತಿರುತ್ತದೆ; ಉಳಿದ 20 ವ್ಯರ್ಥ. ಅಪಾಯ ಇರುವುದು ಇನ್ನೊಂದು ಕಡೆ. ಕೆಲವೊಮ್ಮೆ ಹಲ್ಲಿನ ಮುಖಕ್ಕೆ ಹಲ್ಲಿನ ಮುಖವೇ ಎದುರಾಗುತ್ತದೆ. ಎರಡೂ ಸ್ವಲ್ಪ ಹೊರಳಿ ಸಂದು ಸಿಗುವವರೆಗೆ ಬ್ಯಾರೆಲ್ ಅರ್ಧದಾರಿಯಲ್ಲಿ ಕಾಯಬೇಕು. ಆ ಹೊತ್ತಿಗೆ ಸರಿಯಾಗಿ ಎಂಜಿನ್ ಬಲ ಮರಳಿದರೆ ಹಲ್ಲಿನ ಮೂಲೆ ಮೂಲೆಗೆ ಬಡಿಯುತ್ತದೆ.

ಕರಿ ಟ್ರ್ಯಾಕ್‌ನಲ್ಲಿ ಒಂದು ಕಾರಿನ ಡ್ರೈವರ್ "ಎರಡರಿಂದ ಮೂರಕ್ಕೆ ಹೋಗುವಾಗ ಮಾತ್ರ ಏನೋ ತಟ್ಟುತ್ತೆ" ಅಂದ. ಲ್ಯಾಪ್‌ಟಾಪ್‌ನಲ್ಲಿ ಬ್ಯಾರೆಲ್ ವೋಲ್ಟೇಜ್ ಗೆರೆಯನ್ನು ಹಿಗ್ಗಿಸಿ ನೋಡಿದೆವು. ಬೇರೆ ಗೇರ್‌ಗಳಲ್ಲಿ ಗೆರೆ ಒಂದೇ ಏಟಿಗೆ ಮೇಲೇರಿತ್ತು. ಎರಡರಿಂದ ಮೂರಕ್ಕೆ ಅರ್ಧ ಏರಿ, ಮೆಟ್ಟಿಲಿನಂತೆ ಸಮತಟ್ಟಾಗಿ ನಿಂತು, ಆಮೇಲೆ ಉಳಿದದ್ದನ್ನು ಏರಿತ್ತು. ಆ ಸಮತಟ್ಟಿನ ನಡುವೆಯೇ ಸ್ಪಾರ್ಕ್ ಮರಳಿತ್ತು. ಸಂಜೆ ಬಾಕ್ಸ್ ಬಿಚ್ಚಿದಾಗ ಮೂರನೇ ಗೇರ್‌ನ ಡಾಗ್‌ಗಳ ಒಂದು ಪಕ್ಕದ ಅಂಚು ಗುಂಡಗಾಗಿ ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಪಕ್ಕ ಹೊಸದರಂತೆ ಚೂಪಾಗಿತ್ತು. ಜೊತೆಗೆ ಲಿವರ್‌ನ ರಾಡ್ ತುದಿಯ ಕೀಲು, ಅಂದರೆ ರಾಡ್ ಎಂಡ್, ಸವೆದು ಆಡುತ್ತಿತ್ತು, ಹಾಗಾಗಿ ಡ್ರೈವರ್‌ನ ಎಳೆತದಲ್ಲಿ ಒಂದು ಪಾಲು ಬ್ಯಾರೆಲ್‌ಗೆ ಮುಟ್ಟುತ್ತಲೇ ಇರಲಿಲ್ಲ. ರಾಡ್ ಎಂಡ್, ಡಾಗ್ ರಿಂಗ್ ಬದಲಾಯಿಸಿ, ಬ್ಯಾರೆಲ್ ಮುಂದಿನ ಗೇರ್‌ನ ಕಿಂಡಿ ಹೊಕ್ಕ ಮೇಲೆಯೇ ಸ್ಪಾರ್ಕ್ ಮರಳುವಂತೆ ಮಾಡಿದ ಮೇಲೆ ಆ ಮೆಟ್ಟಿಲು ಬಂದರೂ ಪೆಟ್ಟು ಬೀಳಲಿಲ್ಲ.

ಇದಕ್ಕೊಂದು ಗರಿಷ್ಠ ಅವಧಿಯನ್ನೂ ಇಡಿ. ಸೆನ್ಸರ್ ಕೆಟ್ಟರೆ ಸ್ಪಾರ್ಕ್ ಶಾಶ್ವತವಾಗಿ ನಿಲ್ಲಬಾರದು. ಇನ್ನೊಂದು ಮಾತು: ಲಾಗ್ ಸೆಕೆಂಡಿಗೆ 10 ಸಲ ಬರೆಯುತ್ತಿದ್ದರೆ ಒಂದು ಗುರುತಿಗೂ ಇನ್ನೊಂದಕ್ಕೂ 100 ಮಿಲಿಸೆಕೆಂಡ್ ಅಂತರ, ಇಡೀ ಶಿಫ್ಟ್ ಅದರ ನಡುವೆ ಕಳೆದುಹೋಗುತ್ತದೆ. ಸೆಕೆಂಡಿಗೆ 200 ಇರಲಿ.

6. ಲಿವರ್‌ನ ಲೋಡ್ ಸೆಲ್‌ಗೆ ಡ್ರೈವರ್‌ನ ಕೈ ಗೊತ್ತಿರಬೇಕು

ಲಿವರ್ ಎಳೆತದ ಬಲವನ್ನು ಅಳೆದು ಕಟ್ ಶುರುಮಾಡುವ ಸೆನ್ಸರ್ ಲೋಡ್ ಸೆಲ್. ಎಷ್ಟು ಬಲಕ್ಕೆ ಕಟ್ ಶುರುವಾಗಬೇಕೆಂದು ಗ್ಯಾರೇಜಿನಲ್ಲಿ ಕೂತು ನಿಶ್ಚಯಿಸಬೇಡಿ. ಕೆಲವರು ಲಿವರ್ ಮೇಲೆ ಕೈಯಿಟ್ಟೇ ಓಡಿಸುತ್ತಾರೆ, ಕರ್ಬ್ ಹತ್ತಿದಾಗ ಆ ಕೈಯ ಭಾರಕ್ಕೇ ಕಟ್ ಆಗುತ್ತದೆ. ಎರಡು ಲ್ಯಾಪ್ ಓಡಿಸಿ, ಲಾಗ್ ನೋಡಿ, ಕುಲುಕಾಟದ ಬಲಕ್ಕಿಂತ ಮೇಲೆ, ನಿಜವಾದ ಎಳೆತಕ್ಕಿಂತ ಕೆಳಗೆ ಗೆರೆ ಹಾಕಿ.

7. ಗೇರ್ ಇಳಿಸುವಾಗ ಅಂಕಿ ತಪ್ಪಿದರೆ ಎಂಜಿನ್ ಹೋಗುತ್ತದೆ

ಏರುವಾಗ ಆಗುವ ತಪ್ಪು ಡಾಗ್ ತಿನ್ನುತ್ತದೆ, ಇಳಿಯುವಾಗಿನ ತಪ್ಪು ವಾಲ್ವ್ ಬಗ್ಗಿಸುತ್ತದೆ. ಎಂಜಿನ್ ಮಿತಿ 11,000 ಆರ್‌ಪಿಎಂ, ಎರಡು ಗೇರ್‌ಗಳ ಅನುಪಾತದ ವ್ಯತ್ಯಾಸ 1.25 ಇದ್ದರೆ, 8,800ಕ್ಕಿಂತ ಕೆಳಗೆ ಬಂದ ಮೇಲೆಯೇ ಗೇರ್ ಇಳಿಸಬಹುದು. ಪ್ಯಾಡಲ್ ವ್ಯವಸ್ಥೆ ಈ ಲೆಕ್ಕ ಮಾಡಿ ಡ್ರೈವರ್‌ನ ಬೇಡಿಕೆಯನ್ನು ತಡೆಯುತ್ತದೆ, ಆದರೆ ಈಗಿರುವ ಗೇರ್ ಯಾವುದೆಂದು ಅದಕ್ಕೆ ಸರಿಯಾಗಿ ಗೊತ್ತಿದ್ದರೆ ಮಾತ್ರ. ಸೆನ್ಸರ್ ಅನುಮಾನ ಹುಟ್ಟಿಸಿದರೆ ಡೌನ್‌ಶಿಫ್ಟ್ ನಿರಾಕರಿಸುವಂತೆ ಬರೆಯಿರಿ. ಡ್ರೈವರ್ ಬೈದರೂ ಪರವಾಗಿಲ್ಲ.

ಇಳಿಯುವಾಗ ಎಂಜಿನ್ ಹಿಡಿದೆಳೆಯುತ್ತಿರುವುದರಿಂದ ಡಾಗ್ ಇನ್ನೊಂದು ಪಕ್ಕಕ್ಕೆ ಒತ್ತಿಕೊಂಡಿರುತ್ತದೆ. ಥ್ರಾಟಲನ್ನು ಕ್ಷಣ ತೆರೆದು ಮುಚ್ಚುವ ಬ್ಲಿಪ್ ಮೊದಲು ಆ ಒತ್ತಡ ತೆಗೆಯಬೇಕು, ಬ್ಯಾರೆಲ್ ಆಮೇಲೆ ಹೊರಳಬೇಕು.

8. ಕರೆಂಟು ಮತ್ತು ಗಾಳಿ ಇಲ್ಲದೆ ಪ್ಯಾಡಲ್ ಇಲ್ಲ

1989ರಲ್ಲಿ ಜಾನ್ ಬಾರ್ನಾರ್ಡ್ ರೂಪಿಸಿದ ಫಾರ್ಮುಲಾ ಒನ್ ಕಾರು ಫೆರಾರಿ 640 ಸ್ಟೀರಿಂಗ್ ಹಿಂದೆ ಪ್ಯಾಡಲ್ ಇಟ್ಟುಕೊಂಡು ಬಂದು, ಬ್ರೆಜಿಲ್‌ನ ಮೊದಲ ರೇಸನ್ನೇ ನೈಜೆಲ್ ಮ್ಯಾನ್ಸೆಲ್ ಕೈಯಲ್ಲಿ ಗೆದ್ದಿತು. ಆ ವರ್ಷ ಗೆದ್ದದ್ದು ಒಟ್ಟು ಮೂರು ರೇಸ್. ಕೆಟ್ಟು ನಿಂತದ್ದು ಅದಕ್ಕಿಂತ ಬಹಳ ಹೆಚ್ಚು. ಎಲ್ಲರೂ ಗೇರ್‌ಬಾಕ್ಸನ್ನು ದೂರಿದರು. ಎಂಜಿನ್ ನಡುಕಕ್ಕೆ ಆಲ್ಟರ್ನೇಟರ್ ಬೆಲ್ಟ್ ಕಳಚಿ, ಗೇರ್ ನಿಯಂತ್ರಣಕ್ಕೆ ಹೋಗುವ ವಿದ್ಯುತ್ತೇ ಕಡಿದುಹೋಗುತ್ತಿತ್ತೆಂದು ಆಮೇಲೆ ತಿಳಿಯಿತು.

ಇವತ್ತಿನ ಅನೇಕ ಕ್ಲಬ್ ಕಾರುಗಳಲ್ಲಿ ಪ್ಯಾಡಲ್ ಒತ್ತಿದರೆ ಸೊಲೆನಾಯ್ಡ್ ವಾಲ್ವ್ ತೆರೆದು, ಗಾಳಿಯ ಸಿಲಿಂಡರ್ ಬ್ಯಾರೆಲನ್ನು ತಳ್ಳುತ್ತದೆ. ಗಾಳಿಯ ಒತ್ತಡವನ್ನೂ ಬ್ಯಾಟರಿ ವೋಲ್ಟೇಜನ್ನೂ ಲಾಗ್‌ಗೆ ಹಾಕಿ. ಸೊಲೆನಾಯ್ಡ್ ಆಫ್ ಆಗುವಾಗ ಅದರ ಕಾಯಿಲ್ ಹಿಂದಕ್ಕೆ ಒಂದು ವೋಲ್ಟೇಜ್ ಏಟು ಕೊಡುತ್ತದೆ, ಅದಕ್ಕೆ ಡಯೋಡ್ ಹಾಕಿ. ಸೊಲೆನಾಯ್ಡ್ ವೈರನ್ನೂ ಬ್ಯಾರೆಲ್ ಸೆನ್ಸರ್ ವೈರನ್ನೂ ಒಂದೇ ಕಟ್ಟಿನಲ್ಲಿ ಕಟ್ಟಬೇಡಿ. ಲೂಸ್ ಕಾಂಟ್ಯಾಕ್ಟ್ ಹುಡುಕುವಾಗ ಎಂಜಿನ್ ಓಡುತ್ತಿರಲಿ, ಕನೆಕ್ಟರ್‌ಗಳನ್ನು ಒಂದೊಂದಾಗಿ ಅಲ್ಲಾಡಿಸಿ ಗೆರೆ ನೋಡಿ.

9. ಶಿಫ್ಟ್ ಲೈಟ್ ಎಲ್ಲ ಗೇರ್‌ಗೂ ಒಂದೇ ಆರ್‌ಪಿಎಂನಲ್ಲಿ ಬೇಡ

ಒಂದನೇ ಗೇರ್‌ನಲ್ಲಿ ಸೆಕೆಂಡಿಗೆ 5,000 ಆರ್‌ಪಿಎಂ ಏರುವ ಎಂಜಿನ್ ಆರನೆಯದರಲ್ಲಿ 1,000 ಏರಬಹುದು. ಬೆಳಕು ಕಂಡು ಕೈ ಆಡಲು 0.2 ಸೆಕೆಂಡ್ ಬೇಕಾದರೆ, ಅಷ್ಟರಲ್ಲಿ ಮೊದಲನೆಯದರಲ್ಲಿ 1,000, ಕೊನೆಯದರಲ್ಲಿ 200 ಏರಿರುತ್ತದೆ. ಬೆಳಕು ಅಷ್ಟಷ್ಟು ಮುಂಚೆ ಹತ್ತಬೇಕು. ಇದಕ್ಕೂ ಗೇರ್ ಅಂಕಿ ಸರಿಯಿರಬೇಕು.

10. ಹಣ ಒಂದಕ್ಕೇ ಸಾಕಾದರೆ

ಕಾಲೇಜು ತಂಡಗಳಿಗೆ ನನ್ನ ಬೇಡಿಕೆ ಇದು: ಈ ವರ್ಷ ಪ್ಯಾಡಲ್ ಬಿಡಿ. ಒಂದು ಒಳ್ಳೆಯ ಬ್ಯಾರೆಲ್ ಸೆನ್ಸರ್, ವೇಗವಾಗಿ ಬರೆಯುವ ಒಂದು ಲಾಗರ್, ಹೊಸ ರಾಡ್ ಎಂಡ್‌ಗಳು ಕೊಳ್ಳಿ. ಕೈಯ ಲಿವರ್‌ನಲ್ಲೇ ಟೆಸ್ಟಿಂಗ್ ಮುಗಿಸಿ, ಪ್ರತಿ ಶಿಫ್ಟ್‌ನ ಗೆರೆ ತೆಗೆದಿಟ್ಟುಕೊಂಡು, ಮುಂದಿನ ಬ್ಯಾಚಿನವರಿಗೆ ಕೊಟ್ಟುಹೋಗಿ. ಪ್ಯಾಡಲ್ ಅವರು ಹಾಕಿಕೊಳ್ಳಲಿ.