ಹೊಳೆಯ ಮೇಲಣ ಹಕ್ಕಿಯೂ ನಾಲ್ಕು ಮಿಲಿಮೀಟರಿನ ಬಿಂಬವೂ

ಹಕ್ಕಿಗಳ ಛಾಯಾಗ್ರಹಣವನ್ನು ಹವ್ಯಾಸವಾಗಿ ಕೈಕೊಂಡವರು ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಪ್ರಶ್ನೆಯೊಂದುಂಟು: ಕೂಡಿಟ್ಟ ಹಣವನ್ನು ಉದ್ದನೆಯ ಲೆನ್ಸಿಗೆ ವಿನಿಯೋಗಿಸಬೇಕೋ, ಇಲ್ಲವೆ ಹೆಚ್ಚು ಮೆಗಾಪಿಕ್ಸೆಲಿನ ಕ್ಯಾಮರಾ ಕೊಂಡು, ಚಿಕ್ಕ ಲೆನ್ಸಿನಿಂದ ತೆಗೆದ ಚಿತ್ರದ ನಡುವಣ ಭಾಗವನ್ನಷ್ಟೇ ಕತ್ತರಿಸಿಕೊಂಡು ತೃಪ್ತರಾಗಬೇಕೋ? ನಾನು ಎರಡನೆಯ ದಾರಿ ಹಿಡಿದವನು. 400 ಮಿಲಿಮೀಟರಿನ, ಎಫ್ 5.6ರ ಹಗುರವಾದ ಲೆನ್ಸನ್ನು 45 ಮೆಗಾಪಿಕ್ಸೆಲಿನ ಕ್ಯಾಮರಾಕ್ಕೆ ತೊಡಿಸಿಕೊಂಡು ತಿರುಗುವವನು. ನನ್ನ ಮಿತ್ರರೊಬ್ಬರಾದರೋ, ಅಷ್ಟೇ ವಿಸ್ತಾರದ ಸೆನ್ಸರಿನಲ್ಲಿ 24 ಮೆಗಾಪಿಕ್ಸೆಲು ಮಾತ್ರವುಳ್ಳ ಕ್ಯಾಮರಾಕ್ಕೆ 600 ಮಿಲಿಮೀಟರಿನ, ಎಫ್ 4ರ, ಮೂರು ಕಿಲೋಗೂ ಮಿಕ್ಕ ತೂಕದ ಮಹಾಕಾಯವನ್ನು ಜೋಡಿಸಿ ಹೊರುವವರು. ನಾವಿಬ್ಬರೂ ರಂಗನತಿಟ್ಟಿನ ದೋಣಿಯಲ್ಲಿ ಅಕ್ಕಪಕ್ಕ ಕುಳಿತು, ಒಂದೇ ಹಕ್ಕಿಗೆ ಗುರಿಯಿಟ್ಟು, ಬಳಿಕ ಚಿತ್ರಗಳನ್ನು ಮುಂದಿಟ್ಟುಕೊಂಡು ವಾದಿಸಿದುದರ ಫಲವಾಗಿ ನನಗೆ ಮನವರಿಕೆಯಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇನೆ.

ಸಾಲಿಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಆ ಕಾವೇರಿಯ ನಡುಗಡ್ಡೆಗಳಲ್ಲಿ, ಹಕ್ಕಿಗೂ ನಮಗೂ ನಡುವಣ ದೂರವನ್ನು ನಿರ್ಣಯಿಸುವವನು ಛಾಯಾಗ್ರಾಹಕನಲ್ಲ, ಹುಟ್ಟು ಹಾಕುವಾತ. ಗೂಡುಗಳಿಗೆ ತೊಂದರೆಯಾಗದಂತೆ ಆತ ದೋಣಿಯನ್ನು ಎಲ್ಲಿ ನಿಲ್ಲಿಸುವನೋ ಅಲ್ಲಿಂದಲೇ ನಮ್ಮ ವ್ಯವಹಾರ. ಕಪ್ಪು ಬಿಳುಪಿನ ಮಿಂಚುಳ್ಳಿಯೊಂದು ಮೂವತ್ತು ಮೀಟರಿನಾಚೆ ಬಂಡೆಯ ಮೇಲೆ ಕುಳಿತಿದೆಯೆನ್ನಿ. ಸುಮಾರು ಒಂದಡಿ ಉದ್ದದ ಆ ಹಕ್ಕಿಯು ನನ್ನ ಲೆನ್ಸಿನ ಮೂಲಕ ಸೆನ್ಸರಿನ ಮೇಲೆ ಮೂಡಿಸುವ ಬಿಂಬ ನಾಲ್ಕು ಮಿಲಿಮೀಟರು ಮಾತ್ರ, ಎಂದರೆ ಒಂದು ಹೆಸರುಕಾಳಿನಷ್ಟು. ಮಿತ್ರರ ಲೆನ್ಸಿನಲ್ಲಿ ಅದೇ ಬಿಂಬ ಆರು ಮಿಲಿಮೀಟರು. ಆದರೆ ನನ್ನ ಸೆನ್ಸರಿನ ಒಂದೊಂದು ಪಿಕ್ಸೆಲು 4.4 ಮೈಕ್ರಾನಿನದಾದರೆ ಅವರದು 6 ಮೈಕ್ರಾನಿನದು. ಆದುದರಿಂದ ನನ್ನ ಹಕ್ಕಿಯ ಉದ್ದಕ್ಕೆ ಸುಮಾರು 910 ಪಿಕ್ಸೆಲುಗಳೂ ಅವರದಕ್ಕೆ 1000 ಪಿಕ್ಸೆಲುಗಳೂ ದೊರೆಯುವುವು. ಅಂಗುಲಕ್ಕೆ 300ರ ಲೆಕ್ಕದಲ್ಲಿ ಮುದ್ರಿಸಿದರೆ ಎರಡೂ ಮೂರಂಗುಲದ ಆಸುಪಾಸಿನ ಹಕ್ಕಿಗಳೇ. ಎಳೆಬಿಸಿಲಿನಲ್ಲಿ ತೆಗೆದ ಅಂತಹ ಚಿತ್ರಗಳೆರಡನ್ನು ಹೆಸರು ಮರೆಮಾಡಿ ಮುಂದಿಟ್ಟಾಗ, ತಮ್ಮದು ಯಾವುದೆಂದು ಮಿತ್ರರೇ ಹೇಳದಾದರು. ಜಾಹೀರಾತುಗಳು ಮರೆಯಿಸುವ ಮಾತೊಂದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು: ಪಿಕ್ಸೆಲುಗಳು ಅಗಲಕ್ಕೂ ಎತ್ತರಕ್ಕೂ ಹಂಚಿಹೋಗುವುದರಿಂದ, ಲೆನ್ಸಿನ ಸಂಗಮದೂರವನ್ನು (400, 600 ಎಂಬ ಆ ಮಿಲಿಮೀಟರಿನ ಅಂಕೆಯನ್ನು) ಇಮ್ಮಡಿಸಿದ ಫಲ ಬೇಕಾದರೆ ಮೆಗಾಪಿಕ್ಸೆಲುಗಳನ್ನು ನಾಲ್ಮಡಿಯಾಗಿಸಬೇಕು. 24ರಿಂದ 45ಕ್ಕೆ ಏರಿದವನಿಗೆ ದಕ್ಕುವುದು ಎರಡರಷ್ಟಲ್ಲ, ಒಂದೂಕಾಲಿಗಿಂತ ತುಸು ಹೆಚ್ಚು, ಅಷ್ಟೆ.

ಇಷ್ಟಕ್ಕೇ ನಿಂತಿದ್ದರೆ ವಾದವನ್ನು ನಾನೇ ಗೆದ್ದಂತಾಗುತ್ತಿತ್ತು. ಆದರೆ ಮಳೆಗಾಲದ ಮೋಡ ಕವಿದ ಸಂಜೆಯಲ್ಲಿ, ಹೊಳೆಯ ನೀರೆಲ್ಲ ಸೀಸದ ಬಣ್ಣಕ್ಕೆ ತಿರುಗಿದ ವೇಳೆಯಲ್ಲಿ ತೆಗೆದ ಚಿತ್ರಗಳು ಬೇರೆಯೇ ಕಥೆಯನ್ನು ಹೇಳಿದುವು. ಅವರ ಮಿಂಚುಳ್ಳಿಯ ಎದೆಯ ಮೇಲಣ ಕಪ್ಪುಪಟ್ಟಿಯ ಅಂಚಿನಲ್ಲಿ ಗರಿ ಗರಿಯೂ ಬೇರೆಯಾಗಿ ತೋರುತ್ತಿದ್ದರೆ, ನನ್ನದರಲ್ಲಿ ಆ ಅಂಚು ಮರಳು ಚೆಲ್ಲಿದಂತೆ ಕಣಕಣವಾಗಿತ್ತು. ಕಾರಣವು ಸಂಗಮದೂರದಲ್ಲಿಯೂ ಇಲ್ಲ, ಪಿಕ್ಸೆಲುಗಳಲ್ಲಿಯೂ ಇಲ್ಲ, ಅಪರ್ಚರಿನ ವ್ಯಾಸದಲ್ಲಿದೆ. 600ನ್ನು 4ರಿಂದ ಭಾಗಿಸಿದರೆ 150 ಮಿಲಿಮೀಟರು, 400ನ್ನು 5.6ರಿಂದ ಭಾಗಿಸಿದರೆ ಸುಮಾರು 71. ವಿಸ್ತೀರ್ಣವನ್ನು ಹೋಲಿಸಿದರೆ, ಷಟರಿನ ವೇಗ ಒಂದೇ ಆಗಿದ್ದಾಗ, ಅದೇ ಹಕ್ಕಿಯಿಂದ ಅವರ ಗಾಜು ಸಂಗ್ರಹಿಸುವ ಬೆಳಕು ನನ್ನದಕ್ಕಿಂತ ನಾಲ್ಕು ಪಟ್ಟಿಗೂ ಅಧಿಕ. ಬಂದ ಬೆಳಕನ್ನು ಎಷ್ಟು ಚಿಕ್ಕ ಕೋಣೆಗಳಾಗಿ ವಿಂಗಡಿಸಿದರೂ ಬಾರದ ಬೆಳಕನ್ನು ಯಾವ ಸೆನ್ಸರೂ ತಂದುಕೊಡಲಾರದು. ಹತ್ತಿರ ಸಾರುವುದೊಂದೇ ಬಡವನಿಗುಳಿದ ಉಪಾಯ: ದೂರವನ್ನು ಅರ್ಧಕ್ಕಿಳಿಸಿದರೆ ಬಿಂಬವು ಇಮ್ಮಡಿಯಾಗುವುದಲ್ಲದೆ ಹಕ್ಕಿಯಿಂದ ಬರುವ ಬೆಳಕೂ ನಾಲ್ಮಡಿಯಾಗುವುದು. ಕತ್ತರಿಸಿ ಹಿಗ್ಗಿಸಿದರೆ ಫಿಲ್ಮಿನ ಕಣಗಳೆದ್ದು ಕಾಣುತ್ತಿದ್ದ ಕಾಲದಲ್ಲಿ ಟಿ. ಎನ್. ಎ. ಪೆರುಮಾಳ್ ಅವರಂತಹ ಹಿರಿಯರು ಮರೆ ಕಟ್ಟಿಕೊಂಡು ಹಕ್ಕಿಯ ಸಮೀಪದಲ್ಲೇ ಕಾದು ಕುಳಿತದ್ದು ಸುಮ್ಮನೆಯಲ್ಲ. ದೋಣಿಯಲ್ಲಿ ಕುಳಿತ ನಮಗೆ ಆ ಉಪಾಯವೂ ಇಲ್ಲ.

ಉದ್ದನೆಯ ಲೆನ್ಸು ದೃಶ್ಯವನ್ನು ಒತ್ತಿ ಚಪ್ಪಟೆ ಮಾಡುವುದೆಂಬ ಮಾತು ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಆದರೆ ಅದು ನಿಜವಲ್ಲ: ನಿಂತ ಜಾಗ ಒಂದೇ ಆದಾಗ ನನ್ನ ಕತ್ತರಿಸಿದ ಚಿತ್ರದಲ್ಲಿಯೂ ಹಕ್ಕಿ, ಬಂಡೆ, ಹಿಂದಣ ಮರಗಳ ಗಾತ್ರಗಳ ಸಂಬಂಧವು ಅವರ ಚಿತ್ರದಲ್ಲಿದ್ದಂತೆಯೇ ಇದ್ದಿತು. ಅವರ ಹಿನ್ನೆಲೆ ಹೆಚ್ಚು ಕರಗಿ ಮೃದುವಾಗಿದ್ದುದು ಮತ್ತೆ ಆ 150 ಮಿಲಿಮೀಟರಿನ ಮಹಿಮೆ.

ಹಾಗೆಂದು ನನ್ನ ಪಕ್ಷ ಬರಿಗೈಯದೇನೂ ಅಲ್ಲ. ನೀರಿಗೆ ಎರಗುವ ಹೊಳೆ ರೀವವನ್ನು 600ರ ಇಕ್ಕಟ್ಟಾದ ಚೌಕಟ್ಟಿನಲ್ಲಿ ಮಿತ್ರರು ಹುಡುಕುತ್ತಿರುವಷ್ಟರಲ್ಲಿ, ಎರಡು ರೆಕ್ಕೆಗಳೂ ಒಳಗೊಂಡ ಚಿತ್ರಗಳು ನನ್ನ ಕ್ಯಾಮರಾದಲ್ಲಿ ಸೇರಿಬಿಟ್ಟಿರುತ್ತಿದ್ದುವು. ಕತ್ತರಿಸುವ ಕೆಲಸವನ್ನು ಮನೆಯಲ್ಲಿ ಸಾವಧಾನವಾಗಿ ಮಾಡಬಹುದಷ್ಟೆ. ಆದರೆ 400ರ ಲೆನ್ಸಿಗೆ ಸೆಕೆಂಡಿನ 400ನೆಯ ಒಂದು ಭಾಗದ ಷಟರ್ ಸಾಕೆಂಬ ಫಿಲ್ಮಿನ ಕಾಲದ ಸೂತ್ರವನ್ನು ಮಾತ್ರ ನಾನು ಕೈಬಿಡಬೇಕಾಯಿತು. ಆಳವಾಗಿ ಕತ್ತರಿಸುವವನು ಕೈಯ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತಾನೆ. ಈಗ, ಹಕ್ಕಿ ಸುಮ್ಮನೆ ಕುಳಿತಿದ್ದರೂ, ತೂಗುವ ದೋಣಿಯಲ್ಲಿ 1000ನೆಯ ಒಂದು ಭಾಗಕ್ಕಿಂತ ಕೆಳಗಿಳಿಯಲು ನನಗೆ ಧೈರ್ಯ ಸಾಲದು. ಇನ್ನು ನಡುಹಗಲಿನ ಝಳದಲ್ಲಿ ನೀರಿನ ಮೇಲಣ ಗಾಳಿಯೇ ಕುದಿಯುವಂತೆ ಅಲುಗುವಾಗ ಇಬ್ಬರ ಚಿತ್ರಗಳೂ ಸಮಾನವಾಗಿ ಕೆಟ್ಟಿರುತ್ತವೆ.

ಸಂಗಮದೂರವನ್ನು 1.4ರಷ್ಟು ಹೆಚ್ಚಿಸುವ ಟೆಲಿಕನ್ವರ್ಟರೊಂದು ನನ್ನಲ್ಲಿತ್ತು. ಅದನ್ನು ತೊಡಿಸಿದರೆ ನನ್ನ ಲೆನ್ಸು 560 ಮಿಲಿಮೀಟರಿನ ಎಫ್ 8 ಆಗುವುದು. ಎಫ್ 8ರಲ್ಲಿ ಬೆಳಕಿನ ವಿವರ್ತನೆಯಿಂದ ಒಂದು ಚುಕ್ಕೆಯೇ ಸುಮಾರು 10.7 ಮೈಕ್ರಾನಿನಷ್ಟು ಹರಡುವುದರಿಂದ, ಮೊದಲೇ ಸಣ್ಣದಾದ ನನ್ನ ಪಿಕ್ಸೆಲುಗಳಿಗೆ ಹೊಸದಾಗಿ ದೊರೆತ ವಿವರ ಅತ್ಯಲ್ಪ. ನೆರೆಮನೆಯ ತರುಣನದು 24 ಮೆಗಾಪಿಕ್ಸೆಲಿನ ಕ್ಯಾಮರಾ, ಲೆನ್ಸು ನನ್ನದರಂತಹದೇ. ಕನ್ವರ್ಟರನ್ನು ಅವನಿಗೆ ಎರವಲು ಕೊಟ್ಟೆ; ಅವನ ದೊಡ್ಡ ಪಿಕ್ಸೆಲುಗಳಿಗೆ ಅದು ಒಗ್ಗಿತು. ವಾಪಸು ಕೊಡಲು ಅವನು ಬಂದಾಗ, ಇಟ್ಟುಕೊಳ್ಳಪ್ಪಾ ಎಂದೆ.