ಹಸಿರು ಎಲೆ ಚಿತ್ರವಿದ್ದರೆ ಸಾಕೇ?



2025ರ ಕೊಟ್ಟೂರು ಜಾತ್ರೆಯಲ್ಲಿ ನಮ್ಮ ಅವ್ವ ಮಂಡಕ್ಕಿ, ಬೆಂಡು ಬತ್ತಾಸು ಕೊಂಡಳು. ಅಂಗಡಿಯವರು ಒಂದು ಹಸಿರು ಚೀಲಕ್ಕೆ 10 ರೂಪಾಯಿ ತಗೊಂಡರು. ಅದರ ಮೇಲೆ ಎಲೆಯ ಚಿತ್ರ, ಕೆಳಗೆ ‘ಪರಿಸರ ಸ್ನೇಹಿ’ ಎಂದು ಬರೆದಿತ್ತು. “ಇದು ಬಟ್ಟೆ ಚೀಲ, ಮಣ್ಣಾಗ ಕೊಳಿತೈತಿ” ಅಂದಳು ಅವ್ವ. ಹರಿದ ಮೇಲೆ ತಿಪ್ಪೆಗೆ ಹಾಕಿದೆವು. ಮುಂಗಾರಿಗೆ ಗೊಬ್ಬರ ತೆಗೆದಾಗ ಸಗಣಿ, ಸೊಪ್ಪು ಎಲ್ಲಾ ಕೊಳೆತಿತ್ತು. ಚೀಲ ಮಾತ್ರ ಹಾಗೇ ಇತ್ತು! ಅದರ ಒಂದು ತುಂಡು ನಮ್ಮ ಆಕಳ ಬಾಯಲ್ಲಿತ್ತು. ಅಪ್ಪ ಓಡಿಹೋಗಿ ಎಳೆದು ತೆಗೆದ.

ಯಾಕೆ ಹೀಗೆ ಎಂದು ವಿಜ್ಞಾನದ ಸರ್ ಅವರನ್ನು ಕೇಳಿದೆ. ಅವರು ಚೀಲದ ಒಂದು ಎಳೆಗೆ ಬೆಂಕಿ ತೋರಿಸಿದರು. ಅದು ಕರಗಿ ಗಟ್ಟಿ ಗುಂಡಾಯಿತು. ಹತ್ತಿ ದಾರ ಸುಟ್ಟಾಗ ಬೂದಿಯಾಯಿತು. ಬಟ್ಟೆಯಂತೆ ಕಾಣುವ ಇಂಥ ಚೀಲಗಳನ್ನು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರಂತೆ.

ಹಾಗಾದರೆ ಸುಳ್ಳು ಬರೆಯಬಹುದೇ? ಬರೆಯುವಂತಿಲ್ಲ. ಗ್ರಾಹಕರ ರಕ್ಷಣೆಗೆ 1986ರಲ್ಲಿ ಕಾಯ್ದೆ ಬಂತು. ಅದರ ಬದಲು 2019ರಲ್ಲಿ ಹೊಸ ಕಾಯ್ದೆಯಾಯಿತು. ತಪ್ಪು ದಾರಿಗೆಳೆಯುವ ಜಾಹೀರಾತಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. 2024ರ ಅಕ್ಟೋಬರ್‌ನಲ್ಲಿ ಅದು ಪರಿಸರದ ಹೆಸರಿನ ಸುಳ್ಳುಗಳಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ‘ಪರಿಸರ ಸ್ನೇಹಿ’ ಎಂದು ಹೇಳಿದವರು ಹೇಗೆ ಎಂದು ವಿವರಿಸಬೇಕು, ಪುರಾವೆಯನ್ನೂ ಇಟ್ಟಿರಬೇಕು. ಬರೀ ಎಲೆ ಚಿತ್ರ ಹಾಕಿದರೆ ಅಪರಾಧವಲ್ಲ, ಅದರಿಂದ ಮೋಸ ಮಾಡಿದರೆ ತಪ್ಪು.

10 ರೂಪಾಯಿಗೆ ಯಾರು ದೂರು ಕೊಡುತ್ತಾರೆ ಅನ್ನಬೇಡಿ. ಬೆಂಗಳೂರಿನ ಐಕಿಯಾ ಅಂಗಡಿ ತನ್ನ ಹೆಸರು ಅಚ್ಚಾದ ಕಾಗದದ ಚೀಲಕ್ಕೆ 20 ರೂಪಾಯಿ ತಗೊಂಡಿತ್ತು. ಅದು ಪರಿಸರದ ಸುಳ್ಳಿನ ಪ್ರಕರಣವಲ್ಲ, ಆದರೆ ಚೀಲದ್ದೇ. ಒಬ್ಬ ಗ್ರಾಹಕಿ ದೂರು ಕೊಟ್ಟರು. 2023ರಲ್ಲಿ ಗ್ರಾಹಕ ಆಯೋಗವು ಆ ಹಣ ವಾಪಸ್ ಕೊಟ್ಟು, ಪರಿಹಾರ ಮತ್ತು ಖರ್ಚಿಗೆ 3,000 ರೂಪಾಯಿ ಕೊಡಲು ಹೇಳಿತು.

ನೆನಪಿಡಿ:
1. ‘ಕೊಳೆಯುವ ಚೀಲ’ ಎಂದರೆ ಅದರ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ನಂಬರ್ ಹುಡುಕಿ.
2. ರಸೀದಿ ಕೇಳಿ, ಚೀಲ ಎತ್ತಿಡಿ.
3. ಗ್ರಾಹಕ ಸಹಾಯವಾಣಿ 1915ಕ್ಕೆ ದೊಡ್ಡವರಿಂದ ಫೋನ್ ಮಾಡಿಸಿ.

ನಾವು ರಸೀದಿ ಕೇಳಿರಲಿಲ್ಲ. ಈಗ ಅವ್ವ ಅಪ್ಪನ ಹಳೇ ಹತ್ತಿ ಪಂಚೆಯಿಂದ ಚೀಲ ಹೊಲಿದಿದ್ದಾಳೆ. ಅದರ ಮೇಲೆ ಎಲೆ ಚಿತ್ರವಿಲ್ಲ. ಆದರೆ ಅದು ಮಣ್ಣಾಗ ಕೊಳಿತೈತಿ.

– 7ನೇ ತರಗತಿ ವಿದ್ಯಾರ್ಥಿನಿ